ದೇಶವ್ರತದ ಗಡಿ ಮತ್ತು ಬಾಗಿಲ ನಾಯಿ

ವ್ರತವನ್ನು ಉಳಿಸಿಕೊಳ್ಳಲು ಜೀವವನ್ನು ಕೈಬಿಡಬಹುದೇ ಎಂಬ ಪ್ರಶ್ನೆಯನ್ನು ಪಾಠಶಾಲೆಯ ಮಕ್ಕಳಿಗೆ ಎಷ್ಟೋ ಬಾರಿ ಕೇಳಿದವನು ನಾನು. ಕಳೆದ ಅನಂತ ಚತುರ್ದಶಿಯಂದು ಅದು ನನ್ನ ಜಗಲಿಗೇ ಬಂದು ನಿಂತಿತು.

ನಮ್ಮದು ಕೊಟ್ಟೂರಿಗೆ ಸಮೀಪದ ಒಂದು ಹಳ್ಳಿ. ಅಂದು ಉಪವಾಸವಿದ್ದು, ಮರುದಿನ ಪಾರಣೆಯಾಗುವವರೆಗೆ ಊರ ಗಡಿಯನ್ನು ದಾಟುವುದಿಲ್ಲವೆಂದು ದೇಶವ್ರತವನ್ನೂ ಸ್ವೀಕರಿಸಿದ್ದೆನು. ಪಾರಣೆಗೆಂದು ತೊಳೆದ ಒಣದ್ರಾಕ್ಷಿಯನ್ನು ಜಗಲಿಯ ಮೇಲೆ ತಟ್ಟೆಯಲ್ಲಿ ಹರಡಿ ಸ್ವಾಧ್ಯಾಯಕ್ಕೆ ಕುಳಿತೆನು. ಎದ್ದು ನೋಡುವಷ್ಟರಲ್ಲಿ, ನಮ್ಮ ಬಾಗಿಲಲ್ಲೇ ಬೆಳೆದ ನಾಯಿ ತಟ್ಟೆಯನ್ನು ಬರಿದು ಮಾಡಿತ್ತು. ಉಪವಾಸದ ದಿನ ಆಹಾರದಾನವಾಯಿತೆಂದು ನಾನು ನಕ್ಕೆನು. ಮೊಮ್ಮಗಳು ನಗಲಿಲ್ಲ. “ಅಜ್ಜ, ಒಣದ್ರಾಕ್ಷಿ ನಾಯಿಗೆ ವಿಷ” ಎಂದಳು.

ಅವಳ ಮಾತು ನಿಜ. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಎಷ್ಟು ತಿಂದರೆ ಅಪಾಯವೆಂದು ಮೊದಲೇ ಹೇಳಲಾಗದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು 2021ರಿಂದ ಪಶುವೈದ್ಯರು ಹೇಳುತ್ತಿದ್ದಾರೆ. ಆ ಆಮ್ಲ ನಮ್ಮ ಹುಣಸೆಯಲ್ಲಿಯೂ ಉಂಟು. ನಾವು ವರ್ಜಿಸುವ ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಚಾಕೊಲೇಟ್ ಹೃದಯವನ್ನು ಪೀಡಿಸುತ್ತದೆ. ತಿಂದ ಒಂದೆರಡು ಗಂಟೆಯೊಳಗೆ ವೈದ್ಯರು ವಾಂತಿ ಮಾಡಿಸಿದರೆ ಬಹುಭಾಗ ಹೊರಬೀಳುವ ಸಂಭವವಿದೆ. ಮನೆಯಲ್ಲಿ ಉಪ್ಪುನೀರು ಕುಡಿಸುವುದು ಮಾತ್ರ ಮತ್ತೊಂದು ವಿಷವನ್ನು ಹಾಕಿದಂತೆ.

ಪಶು ಆಸ್ಪತ್ರೆ ಇರುವುದು ಕೊಟ್ಟೂರಿನಲ್ಲಿ, ನನ್ನ ಗಡಿಯ ಆಚೆ. ಮಗನನ್ನು ಕಳುಹಿಸೋಣವೆಂದರೆ, ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದೇಶವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಪ್ರೇಷ್ಯಪ್ರಯೋಗವೂ ಒಂದು: ತಾನು ಹೋಗದೆ ಇನ್ನೊಬ್ಬನನ್ನು ಗಡಿಯಾಚೆ ಅಟ್ಟುವುದು. ಗಡಿಯಾಚೆಗೆ ದನಿಯಿಂದ ಸೂಚನೆ ಕೊಡುವ ಶಬ್ದಾನುಪಾತವೂ ಅತಿಚಾರವೇ. (ದೂರವಾಣಿ ಆ ಲೆಕ್ಕಕ್ಕೆ ಬರುತ್ತದೆಂದೇ ನನ್ನ ಅಭಿಪ್ರಾಯ.)

ಮನೆಯವರು ಇನ್ನೊಂದು ದಾರಿ ತೋರಿದರು. “ಜೀವಂಧರ ಸ್ವಾಮಿ ಮಾಡಿದ ಹಾಗೆ ಅದರ ಕಿವಿಯಲ್ಲಿ ಪಂಚನಮಸ್ಕಾರ ಹೇಳಿರಿ, ಸಾಕು” ಎಂದರು. ಆ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ; ಭಾಸ್ಕರ ಕವಿ 1424ರಲ್ಲಿ ಜೀವಂಧರ ಚರಿತೆಯನ್ನು ಕನ್ನಡಕ್ಕೆ ತಂದನು. ಯಜ್ಞದ ಅನ್ನಕ್ಕೆ ಬಾಯಿಟ್ಟ ನಾಯಿಯನ್ನು ವಿಪ್ರರು ಬಡಿದರು. ಜೀವಂಧರನ ಬಾಯಿಂದ ಮಂತ್ರವನ್ನು ಕೇಳುತ್ತ ಸತ್ತ ಅದು ಯಕ್ಷನಾಗಿ ಹುಟ್ಟಿತು. ಆದರೆ ಆ ನಾಯಿ ಬದುಕುವ ಸ್ಥಿತಿಯಲ್ಲಿರಲಿಲ್ಲ. ನಮ್ಮದು ಬಾಲವಾಡಿಸುತ್ತ ನಿಂತಿತ್ತು. ಔಷಧಿಗೆ ಅವಕಾಶವಿರುವಾಗ ಮಂತ್ರವನ್ನು ಮುಂದೊಡ್ಡುವುದು ಮಂತ್ರಕ್ಕೂ ಗೌರವವಲ್ಲವೆಂದು ನನಗೆ ತೋರಿತು.

ಅದರ ಕರ್ಮ ಅದಕ್ಕೆ ಎಂದು ನೆರೆಯವರೊಬ್ಬರು ಅಂದರು. ಕರ್ಮ ನಾಯಿಯದಿರಬಹುದು, ಜಗಲಿಯ ಮೇಲೆ ತಟ್ಟೆಯಿಟ್ಟು ಮರೆತವನು ನಾನು. ಪ್ರಮಾದಯೋಗದಿಂದ ಪ್ರಾಣಹಾನಿಯಾದರೆ ಅದು ಹಿಂಸೆಯೆಂದು ಅದೇ ಏಳನೆಯ ಅಧ್ಯಾಯ ಹೇಳುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದೇಶವ್ರತಾದಿ ಶೀಲಗಳನ್ನು ನಗರವನ್ನು ಕಾಯುವ ಕೋಟೆಗೆ ಹೋಲಿಸಿದ್ದಾರೆ. ಒಳಗಿನ ನಗರವೆಂದರೆ ಅಹಿಂಸಾದಿ ಅಣುವ್ರತಗಳು. ಕೋಟೆಗಾಗಿ ನಗರವನ್ನು ಬಿಡುವುದು ಯಾವ ನ್ಯಾಯ? ಇಷ್ಟನ್ನು ತಿಳಿದೂ ಅರ್ಧ ಗಂಟೆ ನಾನು ಜಗಲಿಯ ಮೇಲೆಯೇ ಕುಳಿತಿದ್ದೆನೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ವ್ರತಭಂಗದ ಭಯಕ್ಕಿಂತ, ವ್ರತಿಯೆಂದು ಊರಿನಲ್ಲಿ ಗಳಿಸಿದ ಹೆಸರಿನ ಮೋಹವೇ ಆಗ ಹೆಚ್ಚಾಗಿತ್ತು.

ಕೊನೆಗೆ ಮಗನನ್ನು ಕಳುಹಿಸಲಿಲ್ಲ, ಆಟೋದಲ್ಲಿ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಹೋದೆನು. ದೋಷವಾಗುವುದಾದರೆ ನನ್ನ ಪಾಲಿಗೇ ಇರಲಿ ಎನಿಸಿತು. ವೈದ್ಯರು ಚುಚ್ಚುಮದ್ದು ಕೊಟ್ಟು ವಾಂತಿ ಮಾಡಿಸಿದರು. ಎರಡು ದಿನ ರಕ್ತನಾಳದ ಮೂಲಕ ದ್ರವವನ್ನು ಏರಿಸಿದರು. ನಾಯಿ ಉಳಿಯಿತು.

ದಯೆಯಿಂದ ಮಾಡಿದ್ದರಿಂದ ಅತಿಚಾರವೇ ಆಗಲಿಲ್ಲವೆಂದು ಕೆಲವು ಬಂಧುಗಳು ಸಮಾಧಾನ ಹೇಳಿದರು. ನಾನು ಒಪ್ಪಲಿಲ್ಲ. ಗಡಿ ದಾಟಿದ್ದು ದಾಟಿದ್ದೇ. ಜಿನಬಿಂಬದ ಮುಂದೆ ಆಲೋಚನೆ, ಪ್ರತಿಕ್ರಮಣಗಳನ್ನು ಮಾಡಿದೆನು. ಮೊದಲು ಹೇಳಿಕೊಂಡದ್ದು ಆ ಅರ್ಧ ಗಂಟೆಯನ್ನು, ಗಡಿ ದಾಟಿದ್ದನ್ನು ಆಮೇಲೆ.

ಇನ್ನು ನಾಯಿಗೆ ಏನನ್ನೂ ಹಾಕಬೇಡಿರೆಂದು ನೆರೆಯವರ ಸಲಹೆ. ಆಶ್ರಿತ ಪ್ರಾಣಿಗೆ ಅನ್ನಪಾನ ನಿರೋಧವು ಅಹಿಂಸಾಣುವ್ರತದ ಅತಿಚಾರವಾದ್ದರಿಂದ ಅದಕ್ಕೆ ಜೋಳದ ರೊಟ್ಟಿ ಎಂದಿನಂತೆ ಸಲ್ಲುತ್ತಿದೆ. ದ್ರಾಕ್ಷಿಯ ತಟ್ಟೆ ನೆಲುವಿಗೇರಿದೆ.