ಮುಟ್ಟಿ ನೋಡಲಾಗದ ಅಂಗಡಿ



ಹೊಸ ಅಂಗಡಿ ತೆರೆಯುವವರು ಗುರುಗಳನ್ನು ಕರೆಸಿ ಆಶೀರ್ವಾದ ಬೇಡುವುದು ನಮ್ಮಲ್ಲಿ ನಡೆದುಬಂದ ರೂಢಿ. ಬಾಗಿಲಿಗೆ ತೀರ್ಥ ಚಿಮುಕಿಸುವಾಗ ತಕ್ಕಡಿಯ ಮೇಲೂ ಎರಡು ಹನಿ ಬೀಳುವಂತೆ ನೋಡಿಕೊಳ್ಳುವುದು ನನ್ನ ಅಭ್ಯಾಸ. ಕೆಲವು ತಿಂಗಳ ಹಿಂದೆ ಇಂಡಿ ತಾಲ್ಲೂಕಿನ ಯುವಕನೊಬ್ಬ ಬಂದು, "ಫಾದರ್, ನಮ್ಮ ಅಂಗಡಿಗೆ ಆಶೀರ್ವಾದ ಮಾಡ್ರಿ" ಎಂದ. "ಎಲ್ಲಿದೆಯಪ್ಪಾ ಅಂಗಡಿ?" ಎಂದು ಕೇಳಿದೆ. ಆತ ಜೇಬಿನಿಂದ ಮೊಬೈಲ್ ತೆಗೆದು, "ಇಲ್ಲೇ ಐತ್ರಿ" ಎಂದು ನಕ್ಕ.

ಆತನ ತಾಯಿ ಲಿಂಬೆಹಣ್ಣಿನ ಉಪ್ಪಿನಕಾಯಿ, ಶೇಂಗಾ ಹಿಂಡಿ, ಖಡಕ್ ರೊಟ್ಟಿ ಮಾಡುವುದರಲ್ಲಿ ಹೆಸರಾದವರು. ಸ್ವಸಹಾಯ ಸಂಘದಿಂದ ಸಾಲ ಪಡೆದು, ಇವುಗಳನ್ನು ಪುಣೆ, ಬೆಂಗಳೂರುಗಳಲ್ಲಿರುವ ನಮ್ಮ ಕಡೆಯ ಜನರಿಗೆ ಮಾರಲು ಮಗ ವೆಬ್‌ಸೈಟ್ ಮಾಡಿಸಿದ್ದ. ನೋಡಲು ಬಲು ಅಂದವಾಗಿತ್ತು. ಆದರೆ ನೋಡುತ್ತಾ ಹೋದಂತೆ ನನ್ನ ಮನಸ್ಸಿಗೆ ಏನೋ ಇರುಸುಮುರುಸು. ಪುಟದ ಮೇಲ್ಭಾಗದಲ್ಲಿದ್ದ ಉಪ್ಪಿನಕಾಯಿಯ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾರದೋ ಚಿತ್ರ. "ಕೇವಲ ಮೂರು ಬಾಟಲಿ ಉಳಿದಿವೆ" ಎಂಬ ಬರಹ ಎಷ್ಟು ಬಾರಿ ತೆರೆದರೂ ಮೂರೇ. ಒಂದು ಗಡಿಯಾರ ಹತ್ತು ನಿಮಿಷದಿಂದ ಕೆಳಗಿಳಿಯುತ್ತಿತ್ತು. ಮುಗಿದ ಮೇಲೆ ಮತ್ತೆ ಹತ್ತರಿಂದ ಶುರು. ಕೊರಿಯರ್ ಖರ್ಚು ಕಾಣುತ್ತಿದ್ದುದು ಕಟ್ಟಕಡೆಯ ಪುಟದಲ್ಲಿ. ಮೆಚ್ಚಿಕೊಂಡ ಗ್ರಾಹಕರ ಮಾತುಗಳೆಂದು ಹಾಕಿದ್ದವು ಇನ್ನೂ ಮೊದಲ ಆರ್ಡರ್ ಬರುವ ಮುಂಚೆಯೇ ಬರೆದವು!

"ಮಾಲು ಚಲೋ ಐತ್ರಿ ಫಾದರ್. ಎಲ್ಲಾರೂ ಹಿಂಗ ಮಾಡ್ತಾರ. ಇದ್ರಾಗ ಪಾಪ ಏನೈತ್ರಿ?" ಎಂದು ಆತ ಕೇಳಿದ. ಪ್ರಾಮಾಣಿಕವಾದ ಪ್ರಶ್ನೆ. ಒಳ್ಳೆಯ ಸರಕನ್ನು ಮಾರಲು ಸ್ವಲ್ಪ ಬಣ್ಣ ಹಚ್ಚಿದರೆ ತಪ್ಪೇ? ಇಂದು ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂಥ ಸಣ್ಣ ವ್ಯಾಪಾರಕ್ಕೆ ಕೈಹಾಕುತ್ತಿರುವುದರಿಂದ ಈ ಪ್ರಶ್ನೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಸಿಂದಗಿಯದೋ ಮುದ್ದೇಬಿಹಾಳದ್ದೋ ಸಂತೆಯನ್ನು ನೆನಪಿಗೆ ತಂದುಕೊಳ್ಳಿ. ಬಿಳಿಜೋಳ ಕೊಳ್ಳಲು ಬಂದ ರೈತ ಏನು ಮಾಡುತ್ತಾನೆ? ಚೀಲದೊಳಗೆ ಮೊಳಕೈವರೆಗೆ ಕೈಹಾಕಿ ತಳದ ಕಾಳನ್ನು ಮೇಲೆತ್ತುತ್ತಾನೆ. ಅಂಗೈಯಲ್ಲಿ ಹರಡಿ ಊದುತ್ತಾನೆ. ಒಂದು ಕಾಳನ್ನು ಹಲ್ಲಿನಿಂದ ಕಚ್ಚಿ ನೋಡುತ್ತಾನೆ. ಮಾರುವವನ ಮುಖವನ್ನೂ ಓದುತ್ತಾನೆ. ಮಾರುವವನು ಬಾಯಿ ಬಿಡದಿದ್ದರೂ ಸರಕು ತಾನೇ ಮಾತಾಡುತ್ತದೆ.

ಮಾರುವವನ ಮೌನದ ಬಗ್ಗೆ ತತ್ವಜ್ಞಾನಿಗಳು ಬಹಳ ಹಿಂದೆಯೇ ವಾದಿಸಿದ್ದಾರೆ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ತನ್ನ ಮಗನಿಗಾಗಿ ಕರ್ತವ್ಯಗಳನ್ನು ಕುರಿತು ಬರೆದಾಗ, ಸುಳ್ಳು ಹೇಳದಿದ್ದರೆ ಸಾಕೇ ಅಥವಾ ತಿಳಿದುದನ್ನೆಲ್ಲ ಹೇಳಬೇಕೇ ಎಂದು ಚರ್ಚಿಸಿದ. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇದಕ್ಕೆ ಒಂದು ಗೆರೆ ಎಳೆದರು. ಒಕ್ಕಣ್ಣಿನ ಕುದುರೆಯನ್ನು ಮಾರುವವನು ಬೆಲೆಯನ್ನು ತಕ್ಕಷ್ಟು ಇಳಿಸಿದ್ದರೆ, ಕಣ್ಣಿಲ್ಲವೆಂದು ಸಾರಬೇಕಾಗಿಲ್ಲ. ಅದು ಎದುರಿಗೇ ಕಾಣುತ್ತದೆ. ಆದರೆ ಕಾಣದ ದೋಷದಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ ಅದನ್ನು ಹೇಳಲೇಬೇಕು.

ಈಗ ಯೋಚಿಸಿ ಓದುಗರೇ, ವೆಬ್‌ಸೈಟಿನಲ್ಲಿ ಎದುರಿಗೆ ಕಾಣುವ ದೋಷ ಯಾವುದು? ಯಾವುದೂ ಇಲ್ಲ! ಅಲ್ಲಿ ಕೈಯಿಲ್ಲ, ಮೂಗಿಲ್ಲ, ನಾಲಿಗೆಯಿಲ್ಲ. ಕಣ್ಣೂ ಕೂಡ ನಾವು ತೋರಿಸಿದ್ದನ್ನಷ್ಟೇ ನೋಡುತ್ತದೆ. ಸಂತೆಯಲ್ಲಿ ಬಯಲಾಗಿರುವುದೆಲ್ಲ ಅಲ್ಲಿ ಗುಟ್ಟಾಗುತ್ತದೆ. ಆದ್ದರಿಂದ ಸಂತೆಯಲ್ಲಿ ಸುಮ್ಮನಿರಬಹುದಾದ ವ್ಯಾಪಾರಿ ವೆಬ್‌ಸೈಟಿನಲ್ಲಿ ಸುಮ್ಮನಿರುವಂತಿಲ್ಲ. ಗ್ರಾಹಕನ ಕೈ ಮಾಡುತ್ತಿದ್ದ ಕೆಲಸವನ್ನು ಈಗ ಮಾರುವವನ ಮಾತು ಮಾಡಬೇಕು. ಪುಟವನ್ನು ಹೇಗೆ ಜೋಡಿಸಬೇಕೆಂಬುದು ಬರೀ ಅಂದಚಂದದ ವಿಷಯವಲ್ಲ, ನ್ಯಾಯದ ವಿಷಯ.

ಇದನ್ನು ಕಾರ್ಯರೂಪಕ್ಕೆ ತರುವುದು ಹೇಗೆ? ಮೊದಲನೆಯದು ಚಿತ್ರ. ನಿಮ್ಮ ಅಡುಗೆಮನೆಯ ಉಪ್ಪಿನಕಾಯಿಯನ್ನೇ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಚಮಚ ಇಡಿ. ಮೊಬೈಲಿನಲ್ಲಿ ತೆಗೆದ ಚಿತ್ರ ಮೂರು ನಾಲ್ಕು ಎಂಬಿ ಇರುವುದುಂಟು. ಅದನ್ನು 200 ಕೆಬಿಯ ಒಳಗೆ ಕುಗ್ಗಿಸಿ ಹಾಕಿದರೆ ಸಿಗ್ನಲ್ ಸರಿಯಿಲ್ಲದ ಹಳ್ಳಿಯಲ್ಲಿಯೂ ಪುಟ ಬೇಗ ತೆರೆಯುತ್ತದೆ. ಚಿತ್ರದ ಕೆಳಗೆ ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನ ಕೆಡದು, ಏನೇನು ಹಾಕಿದೆ ಎಂದು ಬರೆಯಿರಿ. ಶೇಂಗಾ ಒಗ್ಗದವರಿಗೆ ಒಂದು ಚಮಚ ಹಿಂಡಿಯೂ ಪ್ರಾಣಕ್ಕೆ ಅಪಾಯ ತರಬಲ್ಲದು. ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಗಳ ಸಂಖ್ಯೆಯೂ ಅಲ್ಲಿರಲಿ. ಖಡಕ್ ರೊಟ್ಟಿ ಕೊರಿಯರಿನಲ್ಲಿ ಒಂದೆರಡು ಮುರಿಯುವುದು ಸಹಜ. ಅದನ್ನು ಮೊದಲೇ ಹೇಳಿಬಿಟ್ಟರೆ ಮುರಿದ ರೊಟ್ಟಿಯಿಂದ ನಂಬಿಕೆ ಮುರಿಯುವುದಿಲ್ಲ.

ಎರಡನೆಯದು ಹೆಸರು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಬೇಸಿಗೆಯಲ್ಲಿ ಲಿಂಬೆಯ ಬೆಲೆ ಏರಿದಾಗ ಬೇರೆ ಕಡೆಯ ಕಾಯಿ ತಂದು, ಬಾಟಲಿಯ ಮೇಲೆ "ಇಂಡಿ ಲಿಂಬೆ" ಎಂದು ಅಂಟಿಸುವ ಆಸೆ ಯಾರಿಗಾದರೂ ಬಂದೀತು. ಆದರೆ ಆ ಹೆಸರು ಒಬ್ಬ ವ್ಯಾಪಾರಿಯ ಸ್ವತ್ತಲ್ಲ. ಈ ನೆಲದ ಲಿಂಬೆ ಬೆಳೆಗಾರರೆಲ್ಲರ ಬೆವರಿನ ಫಲ. ಅದನ್ನು ಸುಳ್ಳಾಗಿ ಬಳಸಿದರೆ ಕೊಂಡವನಿಗೂ ಮೋಸ, ಪಕ್ಕದ ತೋಟದವನಿಗೂ ಮೋಸ.

ಮೂರನೆಯದು ಬೆಲೆ ಮತ್ತು ಅವಸರ. ಕೊರಿಯರ್ ಖರ್ಚು ಸೇರಿ ಒಟ್ಟು ಎಷ್ಟಾಗುತ್ತದೆಂದು ಮೊದಲ ಪುಟದಲ್ಲೇ ತಿಳಿಯಲಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ಮರುಳು ಮಾಡುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಇಲ್ಲದ ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಹನಿಹನಿಯಾಗಿ ಬಿಚ್ಚಿಡುವುದು ಇವೆಲ್ಲ ಅದರಲ್ಲಿವೆ. ವ್ಯಾಪಾರಿಯೇ ಗ್ರಾಹಕನ ವೇಷದಲ್ಲಿ ಹೊಗಳಿಕೆ ಬರೆಯುವುದನ್ನು 2020ರ ಇ-ವಾಣಿಜ್ಯ ನಿಯಮಗಳು ತಡೆದಿವೆ. ಆದರೆ ಇದು ಕಾನೂನು ಬಂದ ಮೇಲೆ ಹುಟ್ಟಿದ ತಪ್ಪಲ್ಲ. ಒಂದೇ ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ತೂಕದ ಕಲ್ಲನ್ನು ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡ ಎಚ್ಚರಿಸುತ್ತದೆ. ಮೊದಲ ಪುಟದಲ್ಲಿ ಒಂದು ಬೆಲೆ, ಕೊನೆಯ ಪುಟದಲ್ಲಿ ಇನ್ನೊಂದು ಬೆಲೆ ಎಂದರೆ ಅದೇ ಎರಡು ಕಲ್ಲುಗಳಲ್ಲವೇ? ಇನ್ನು ಆ ಗಡಿಯಾರ! ಅದು ಕದಿಯುವುದು ಹಣವನ್ನಲ್ಲ, ಯೋಚಿಸುವ ಸಮಯವನ್ನು. ದೇವರು ಮನುಷ್ಯನಿಗೆ ಕೊಟ್ಟ ವಿವೇಚನೆಯನ್ನು ಹೆದರಿಸಿ ಓಡಿಸುವುದು ಆತನ ಘನತೆಗೆ ಮಾಡುವ ಅಪಚಾರ. ಜಾಹೀರಾತಿನ ನೀತಿಯನ್ನು ಕುರಿತು 1997ರಲ್ಲಿ ವ್ಯಾಟಿಕನ್ನಿನಿಂದ ಬಂದ ದಾಖಲೆಯೂ ಸತ್ಯ, ಮಾನವ ಘನತೆ, ಸಾಮಾಜಿಕ ಹೊಣೆ ಎಂಬ ಮೂರನ್ನೇ ಅಳತೆಗೋಲಾಗಿ ಮುಂದಿಟ್ಟಿತು.

ನಾಲ್ಕನೆಯದು ನಾವು ಗ್ರಾಹಕನಿಂದ ಕೇಳುವ ವಿವರ. ಉಪ್ಪಿನಕಾಯಿ ಕಳುಹಿಸಲು ಹೆಸರು, ವಿಳಾಸ, ಫೋನ್ ನಂಬರ್ ಸಾಕು. ಹುಟ್ಟಿದ ದಿನಾಂಕವೇಕೆ? ಆಧಾರ್ ಸಂಖ್ಯೆಯೇಕೆ? ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದ ಶರಣರ ಕಥೆಯೊಂದು ನಮ್ಮ ನಾಡಿಗೆಲ್ಲ ಪರಿಚಿತ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳಂತೆ. ಬೇಕಾದುದಕ್ಕಿಂತ ಹೆಚ್ಚಿನದನ್ನು ಮನೆಗೆ ತರಬಾರದೆಂಬ ಆ ವಿವೇಕ ಇಂದಿನ ವೆಬ್‌ಸೈಟಿಗೂ ಸಲ್ಲುತ್ತದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ನಮ್ಮ ದೇಶ 2023ರಲ್ಲಿ ಕಾಯಿದೆಯನ್ನೂ ಮಾಡಿದೆ.

ಐದನೆಯದು, ನಮ್ಮ ಅಂಗಡಿಯ ಬಾಗಿಲು ಯಾರಿಗೆ ಮುಚ್ಚಿದೆ ಎಂಬ ಪ್ರಶ್ನೆ. ಕನ್ನಡದಲ್ಲಿಯೂ ಬರೆಯಿರಿ. ಬರಹವನ್ನು ಚಿತ್ರವಾಗಿ ಹಾಕದೆ ಯೂನಿಕೋಡ್ ಅಕ್ಷರಗಳಲ್ಲಿ ಹಾಕಿ. ಆಗ ಗೂಗಲ್ಲಿನಲ್ಲಿ ಹುಡುಕುವವರಿಗೂ ಸುಲಭವಾಗಿ ಸಿಗುತ್ತದೆ, ಕಣ್ಣು ಕಾಣದವರಿಗೆ ಅವರ ಮೊಬೈಲ್ ಓದಿಯೂ ಹೇಳುತ್ತದೆ. ಪ್ರತಿ ಚಿತ್ರಕ್ಕೂ ಒಂದು ಸಾಲಿನ ವಿವರಣೆ ಕೊಡಿ. ಬಿಳಿಯ ಮೇಲೆ ತಿಳಿ ಹಳದಿ ಅಕ್ಷರ ಬೇಡ. ವಯಸ್ಸಾದವರ ಕಣ್ಣಿಗೆ ಕಪ್ಪಕ್ಷರವೇ ಹಿತ. ಮಾರುವವರ ಹೆಸರು, ವಿಳಾಸ, ದೂರು ಹೇಳಲು ಫೋನ್ ನಂಬರ್, ಸರಕು ಹಿಂದಿರುಗಿಸುವ ಕ್ರಮ ಇವು ಸುಲಭವಾಗಿ ಸಿಗುವ ಜಾಗದಲ್ಲಿರಲಿ. ವೆಬ್‌ಸೈಟಿನ ವಿಳಾಸವನ್ನು ಮಾಡಿಕೊಟ್ಟವನ ಹೆಸರಿನಲ್ಲಲ್ಲ, ನಿಮ್ಮ ಹೆಸರಿನಲ್ಲೇ ನೋಂದಾಯಿಸಿ, ಅವಧಿ ಮುಗಿಯುವ ಮುನ್ನ ನವೀಕರಿಸಿ. ಇಲ್ಲವಾದರೆ ನೀವು ಕಷ್ಟಪಟ್ಟು ಗಳಿಸಿದ ನಂಬಿಕೆ ಬೇರೆಯವರ ಕೈ ಸೇರೀತು.

"ಇಷ್ಟೆಲ್ಲಾ ಖರೇ ಹೇಳಿದ್ರ ವ್ಯಾಪಾರ ಆಗತೈತೇನ್ರಿ? ಸಾಲದ ಕಂತು ಯಾರು ಕಟ್ಟಬೇಕ್ರಿ?" ಎಂದು ಆತ ಕೇಳಿದಾಗ ನನ್ನಲ್ಲಿ ಸಿಹಿಯಾದ ಉತ್ತರವಿರಲಿಲ್ಲ. ಸತ್ಯ ಹೇಳಿದವನಿಗೆ ಲಾಭ ಖಂಡಿತ ಎಂದು ಪ್ರವಚನ ಕೊಡುವುದು ಸುಲಭ. ಆದರೆ ಅದೂ ಒಂದು ಸುಳ್ಳು ಜಾಹೀರಾತೇ. ಲಾಭಕ್ಕಾಗಿ ಮಾತ್ರ ಸತ್ಯ ಹೇಳುವವನು ನಷ್ಟವಾದ ದಿನ ಸತ್ಯವನ್ನು ಬಿಟ್ಟುಬಿಡುತ್ತಾನೆ. ನಾನು ಆತನಿಗೆ ಇಷ್ಟೇ ಹೇಳಿದೆ: "ತೀರ್ಮಾನ ಮಾಡುವ ಮುನ್ನ ಒಮ್ಮೆ ನಿನ್ನ ತಾಯಿಗೆ ಇದನ್ನು ತೋರಿಸು."

ಮರುವಾರ ಆತ ಮತ್ತೆ ಬಂದ. ತಾಯಿ ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದು ನಾ ಹಾಕಿದ ಉಪ್ಪಿನಕಾಯಿ ಅಲ್ಲಲ್ಲೋ ತಮ್ಮಾ" ಎಂದರಂತೆ. ಬೈಯಲಿಲ್ಲ, ಅಷ್ಟೇ ಅಂದರು. ಅಂದು ರಾತ್ರಿಯೇ ಆತ ಗಡಿಯಾರವನ್ನೂ ಸುಳ್ಳು ಹೊಗಳಿಕೆಗಳನ್ನೂ ತೆಗೆದುಹಾಕಿದ. ಈಗ ಮೊದಲ ಪುಟದಲ್ಲಿ ಇರುವುದು ತಾಯಿಯ ಭರಣಿಯ ಚಿತ್ರ. ಅಂಚಿನಲ್ಲಿ ಸ್ವಲ್ಪ ಎಣ್ಣೆಯೂ ಸುರಿದಿದೆ. ಆರ್ಡರುಗಳು ನುಗ್ಗಿ ಬಂದವೆಂದು ನಾನು ಹೇಳಲಾರೆ. ನಿಧಾನವಾಗಿ ಬರುತ್ತಿವೆ, ಕಂತು ಕಟ್ಟುವ ತಿಂಗಳು ಕಷ್ಟವಾಗುವುದೂ ಉಂಟು. ಆದರೆ ಮಗ ಮೊಬೈಲನ್ನು ತಾಯಿಯಿಂದ ಮರೆಮಾಡುವುದಿಲ್ಲ.

ಓದುಗರೇ, ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಅಂಗಡಿ ತೆರೆಯುವುದಾದರೆ ಒಂದು ಪರೀಕ್ಷೆ ಮಾಡಿ. ಮನೆಯ ಹಿರಿಯರ ಕೈಗೆ ಮೊಬೈಲ್ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು, ಅವರೇ ಒಂದು ಆರ್ಡರ್ ಮಾಡಲಿ ಎಂದು ಕಾಯಿರಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಪುಟ ಸರಿಯಾಗಬೇಕು. ಅವರು ಎಲ್ಲಿ ಮೋಸಹೋಗುತ್ತಾರೋ ಅಲ್ಲಿ ನೀವು ಸರಿಯಾಗಬೇಕು. ತಕ್ಕಡಿ ಕಣ್ಣಿಗೆ ಕಾಣದ ಅಂಗಡಿಯಲ್ಲಿಯೂ ತೂಕ ಸರಿಯಾಗಿರಲಿ.