ಉತ್ತರ ಹೇಳುವವರು ಯಾರು?

ಕಳೆದ ತೊಗರಿ ರಾಶಿಯ ಕಾಲದಲ್ಲಿ ಕೋಡ್ಲಾಕ್ಕೆ ಹೋಗಿದ್ದೆ. ಸೇಡಂ ತಾಲ್ಲೂಕಿನ ಈ ಊರು ನಮ್ಮ ಹಿರಿಯರದು. ನೌಕರಿಯ ನಿಮಿತ್ತ ದೂರದ ಜಿಲ್ಲೆಯಲ್ಲಿ ಬಾಳು ಕಳೆದ ನನಗೆ ಅದು ವರ್ಷಕ್ಕೊಮ್ಮೆ ನೋಡುವ ಊರು ಮಾತ್ರ. ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಇಳಿಸಿ, ಶಹಾಬಾದು ಕಲ್ಲು ಹಾಸಿದ ಪಡಸಾಲೆಯಲ್ಲಿ ಕಾಗದಗಳನ್ನು ಹರವಿಕೊಂಡು ಕುಳಿತೆ. ಗೆದ್ದಲು ತಿಂದು ಉಳಿಸಿದ್ದರಲ್ಲಿ ಮೂರು ಕಾಗದಗಳು ಒಂದೇ ಹೊಲಕ್ಕೆ ಸಂಬಂಧಿಸಿದವಾಗಿದ್ದವು.

ಮೊದಲನೆಯದು ಉರ್ದುವಿನಲ್ಲಿದೆ. ಊರಿನ ಹಿರಿಯರೊಬ್ಬರು ಓದಿ ಹೇಳಿದಂತೆ ಅದರ ವರ್ಷ ಫಸಲಿ 1355. ಎಂದರೆ 1945ರ ಸುಮಾರು. ಆಗ ಈ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರಿನಲ್ಲಿ. ಎರಡನೆಯದು ಕೈಯಲ್ಲಿ ಬರೆದ ಕನ್ನಡದ ಪಹಣಿ. ಮೂರನೆಯದು 2002ರಲ್ಲಿ ಕಂಪ್ಯೂಟರಿನಿಂದ ಅಚ್ಚಾಗಿ ಬಂದದ್ದು. ನಾನು ಕನ್ನಡಕ ಏರಿಸಿ ನೋಡುತ್ತಿದ್ದಂತೆ ಮೊಮ್ಮಗ ಬಂದು ಅದೇ ಹೊಲದ ಪಹಣಿಯನ್ನು ತನ್ನ ಮೊಬೈಲಿನಲ್ಲಿ ತೆರೆದು ತೋರಿಸಿದ. “ಇವೆಲ್ಲಾ ಯಾಕ ಇಟ್ಕೊಂಡಿ ಮುತ್ಯಾ? ಎಲ್ಲಾ ಇದ್ರಾಗೇ ಅದ” ಎಂದ.

ಅವನ ಮಾತು ನಿಜ. ಆದರೂ ನನ್ನ ಕೈ ಮಾತ್ರ ಆ ಎರಡನೆಯ ಕಾಗದವನ್ನು ಬಿಡಲಿಲ್ಲ. ಕಾರಣವಿದೆ. ಅಂಥ ಕಾಗದಗಳನ್ನು ಬರೆಯುವುದೇ ನನ್ನ ಹೊಟ್ಟೆಪಾಡಾಗಿತ್ತು. 1984ರಿಂದ ನಾನು ಗ್ರಾಮ ಲೆಕ್ಕಿಗ. ಊರು ಯಾವುದೆಂದು ಹೇಳುವ ಅಗತ್ಯವಿಲ್ಲ. ಎಲ್ಲ ಊರುಗಳ ಕಥೆಯೂ ಹೆಚ್ಚುಕಡಿಮೆ ಒಂದೇ. ಪಹಣಿಯೆಂದರೆ ಹೊಲದ ಜಾತಕ. ಹೊಲ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ ಎಷ್ಟು ಗುಂಟೆ, ಮಣ್ಣು ಎಂಥದು, ಯಾವ ಬೆಳೆ, ಯಾರ ಸಾಲ, ಎಲ್ಲವೂ ಅದರಲ್ಲಿ ಇರುತ್ತದೆ. ಕೆಂಪು ಬಟ್ಟೆಯಲ್ಲಿ ಸುತ್ತಿದ ದಫ್ತರು, ಅಡ್ಡಗೆರೆ ಎಳೆದ ಉದ್ದನೆಯ ಪುಟ, ಶಾಯಿಯ ವಾಸನೆ, ನನ್ನದೇ ಕೈಬರಹ: ಇವುಗಳ ನೆನಪಾದರೆ ಇಂದಿಗೂ ಮನಸ್ಸು ಮೆತ್ತಗಾಗುತ್ತದೆ. ಬೆರಳಚ್ಚು ಯಂತ್ರದ ಟಕಟಕ ಸದ್ದನ್ನು ನೆನೆದು ನಿಟ್ಟುಸಿರು ಬಿಡುವ ನಿವೃತ್ತ ಗುಮಾಸ್ತರನ್ನು, ಮೊದಲ ಕಂಪ್ಯೂಟರಿನ ಹಸಿರು ಅಕ್ಷರಗಳನ್ನು ನೆನೆದು ಕಣ್ಣು ತುಂಬಿಕೊಳ್ಳುವ ಎಂಜಿನಿಯರರನ್ನು ನಾನು ಬಲ್ಲೆ. ನಾವೆಲ್ಲ ಒಂದೇ ಜಾತಿಯವರು.

ಆದರೆ ಈ ಮೋಹ ಪ್ರಾಮಾಣಿಕವಾದುದೆ? ಆ ಪೆಟ್ಟಿಗೆಯ ಮುಂದೆ ಕುಳಿತು ನನ್ನನ್ನು ನಾನೇ ಕೇಳಿಕೊಂಡೆ.

ಕೈಬರಹದ ಕಾಲದಲ್ಲಿ ಪಹಣಿಯ ನಕಲು ಬೇಕಾದರೆ ರೈತ ನನ್ನನ್ನು ಹುಡುಕಿಕೊಂಡು ಬರಬೇಕಾಗಿತ್ತು. ನಾನು ಒಮ್ಮೆ ಈ ಊರಲ್ಲಿ, ಒಮ್ಮೆ ಆ ಊರಲ್ಲಿ, ಒಮ್ಮೆ ಕಚೇರಿಯಲ್ಲಿ. ಸಿಕ್ಕಿದ ದಿನವೂ “ನಾಳೆ ಬಾ” ಎನ್ನುತ್ತಿದ್ದೆ. ಆ ನಾಳೆಗೆ ಪ್ರತಿಸಲವೂ ತಕ್ಕ ಕಾರಣವಿರುತ್ತಿತ್ತೆಂದು ಹೇಳಲಾರೆ. ಹಣಕ್ಕಾಗಿ ಕೈ ಚಾಚಲಿಲ್ಲ ಎಂಬ ಹೆಮ್ಮೆ ನನಗಿತ್ತು. ಆದರೆ ರೈತನ ಒಂದು ದಿನದ ಕೂಲಿಗೂ ಬಸ್ಸಿನ ಖರ್ಚಿಗೂ ಬೆಲೆಯಿದೆಯೆಂಬುದು ನನ್ನ ಲೆಕ್ಕದಲ್ಲಿ ಎಂದೂ ಬರಲಿಲ್ಲ. ಜಗಲಿಯ ಕೆಳಗೆ ಪಾದರಕ್ಷೆ ಬಿಟ್ಟು ನಾಲ್ಕು ಜನ ಕಾಯುತ್ತಿದ್ದರೆ ಲೇಖನಿ ತಾನಾಗಿ ನಿಧಾನವಾಗುತ್ತಿತ್ತು. ಅವರು ಕಾಯುವುದೇ ನನ್ನ ದೊಡ್ಡಸ್ತಿಕೆಯಾಗಿತ್ತು.

‘ಭೂಮಿ’ ಯೋಜನೆ ಬಂದಿತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರ ದಫ್ತರುಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷದಷ್ಟು ರೈತರವು, ಕಂಪ್ಯೂಟರಿಗೆ ಏರಿದವು. 2000ನೆಯ ಇಸವಿಯಿಂದ ಒಂದೆರಡು ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಕಿಟಕಿಗಳು ತೆರೆದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 15 ರೂಪಾಯಿ ಕೊಟ್ಟರೆ ನಿಂತ ಹೆಜ್ಜೆಯಲ್ಲೇ ಪಹಣಿ. ಖಾತೆ ಬದಲಾವಣೆಗೆ ಅರ್ಜಿ ಕೊಟ್ಟರೆ ಮೊದಲು ಬಂದದ್ದು ಮೊದಲು. ನಡುವೆ ಯಾರನ್ನೂ ತೂರಿಸುವಂತಿಲ್ಲ. ಕೆಲಸಕ್ಕೆ ಕುಳಿತವನು ಬೆರಳಿನ ಗುರುತು ಕೊಟ್ಟೇ ಒಳಗೆ ಹೋಗಬೇಕು. ಎಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು ಇನ್ನೊಂದು ಏರ್ಪಾಡು. ಕಿಟಕಿಯಲ್ಲಿ ಎರಡು ಪರದೆಗಳು: ಒಂದು ನನ್ನ ಕಡೆಗೆ, ಇನ್ನೊಂದು ರೈತನ ಕಡೆಗೆ. ನಾನು ಏನು ಮಾಡುತ್ತಿದ್ದೇನೆಂಬುದನ್ನು ಅವನೂ ನೋಡುತ್ತಿದ್ದ.

ಆ ಕಿಟಕಿಯೊಳಗೆ ಕುಳಿತ ಮೊದಲ ಕೆಲವರಲ್ಲಿ ನಾನೂ ಒಬ್ಬ. ರೈತರು ಹಣ ಕೊಟ್ಟು, ಕಾಗದ ತೆಗೆದುಕೊಂಡು, ನನ್ನ ಮುಖವನ್ನೂ ನೋಡದೆ ಹೋಗತೊಡಗಿದರು. ಸಂಜೆ ಮನೆಗೆ ಬಂದು, “ಮನುಷ್ಯ ಸಂಬಂಧವೇ ಹೋಯಿತು” ಎಂದು ಹೆಂಡತಿಯ ಮುಂದೆ ಹಲುಬಿದೆ. ಆಕೆ ಒಕ್ಕಲುತನದ ಮನೆಯ ಮಗಳು. “ನಮ್ಮಪ್ಪ ನಿಮ್ಮಂಥವರ ಸಂಬಂಧಕ್ಕ ಎಷ್ಟು ಜೋಡು ಸವೆಸ್ಯಾರ, ಗೊತ್ತದೇನ್ರಿ?” ಎಂದಳು. ಹಳೆಯದಕ್ಕಾಗಿ ಮರುಗುವ ಮೊದಲು, ಅಂದು ಸರದಿಯಲ್ಲಿ ನಿಂತವರನ್ನೂ ಒಮ್ಮೆ ಕೇಳಬೇಕೆಂಬ ಪಾಠವನ್ನು ಅಂದು ಕಲಿತೆ.

ಇಲ್ಲಿಗೇ ಮುಗಿದಿದ್ದರೆ ಇದು ಯಂತ್ರದ ಸ್ತುತಿಯಾಗುತ್ತಿತ್ತು. ಆದರೆ ಒಂದೆರಡು ವರ್ಷಗಳ ಮೇಲೆ ಒಬ್ಬ ವಿಧವೆ ಕಿಟಕಿಗೆ ಬಂದಳು. ಅವಳ ಪಹಣಿಯಲ್ಲಿ ಹೆಸರಿನ ಕೊನೆಯ ‘ವ್ವ’ ಹೋಗಿ ‘ಪ್ಪ’ ಆಗಿತ್ತು. ಅವಳ ನಾಲ್ಕು ಎಕರೆಗೆ ಈ ಲೋಕದಲ್ಲಿ ಇಲ್ಲದ ಗಂಡಸೊಬ್ಬ ಒಡೆಯನಾಗಿದ್ದ. ಬಿತ್ತನೆಯ ಸಾಲ ಕೊಡುವವರು ಕಾಗದ ನೋಡಿ ಅವಳನ್ನು ತಿರುಗಿಸಿ ಕಳಿಸಿದ್ದರು. ನಾನು ಪರದೆ ನೋಡಿ, “ಕಂಪ್ಯೂಟರ್‌ದಾಗ ಹಂಗೇ ಅದವ್ವ, ನಾ ಏನ್ ಮಾಡ್ಲಿ?” ಎಂದೆ. ಆ ಮಾತು ಎಷ್ಟು ಸಲೀಸಾಗಿ ಬಂದಿತೆಂಬುದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಎರಡನೆಯ ಸಲ ಬಂದಳು, ಅದೇ ಉತ್ತರ. ಮೂರನೆಯ ಸಲ ಬಂದಾಗ ಅವಳು ಅಳಲಿಲ್ಲ, ಬೇಡಲಿಲ್ಲ. “ಕಂಪ್ಯೂಟರಿಗೆ ಯಾರು ಹೇಳ್ಯಾರ್ರೀ ಸಾಹೇಬ್ರ?” ಎಂದು ಕೇಳಿದಳು.

ಅಂದು ಸಂಜೆ ಹಳೆಯ ದಫ್ತರು ತೆಗೆಸಿ ನೋಡಿದೆ. ಕಂಪ್ಯೂಟರಿಗೆ ಹೇಳಿದವನು ನಾನು. ಅವಸರದಲ್ಲಿ ಬರೆದ ನನ್ನ ‘ವ್ವ’ವನ್ನು ಯಾರೇ ಆದರೂ ‘ಪ್ಪ’ ಎಂದೇ ಓದುತ್ತಿದ್ದರು. ಅಷ್ಟೇ ಅಲ್ಲ, ಅಚ್ಚಾದ ಪಟ್ಟಿಯನ್ನು ತಾಳೆ ನೋಡಿ ಸರಿಯಿದೆಯೆಂದು ರುಜು ಹಾಕಿದವನೂ ನಾನೇ. ಯಂತ್ರ ನನ್ನ ತಪ್ಪನ್ನು ನಿಷ್ಠೆಯಿಂದ ಕಾಪಾಡಿತ್ತು. ಮರುದಿನ ಅರ್ಜಿ ಬರೆದು ತಹಸೀಲ್ದಾರರ ಮುಂದಿಟ್ಟು, ನನ್ನ ಕೈತಪ್ಪೆಂದು ಒಪ್ಪಿಕೊಂಡೆ. ಹೆಸರು ತಿದ್ದಿತು. ಆದರೆ ಬಿತ್ತನೆ ಮುಗಿದುಹೋಗಿತ್ತು. ಆ ವರ್ಷ ಅವಳ ಹೊಲ ಬೀಳು ಬಿದ್ದಿತು.

ಚೀನಾದ ಚುವಾಂಗ್ ತ್ಸುವಿನ ಹೆಸರಿನಲ್ಲಿರುವ ಪ್ರಾಚೀನ ಗ್ರಂಥದಲ್ಲಿ ಒಂದು ಕಥೆಯಿದೆ. ಮುದುಕನೊಬ್ಬ ಬಾವಿಗಿಳಿದು ಕೊಡದಲ್ಲಿ ನೀರು ತಂದು ತೋಟಕ್ಕೆ ಹಾಕುತ್ತಿದ್ದ. ಕನ್‌ಫ್ಯೂಷಿಯಸನ ಶಿಷ್ಯನೊಬ್ಬ ಏತ ಹೂಡಬಾರದೇ ಎಂದು ಕೇಳಿದಾಗ ಮುದುಕ ಒಪ್ಪಲಿಲ್ಲ. ಯಂತ್ರ ಬಳಸುವವನ ಹೃದಯವೂ ಯಂತ್ರವಾಗುತ್ತದೆಂಬುದು ಅವನ ಭಯ. ಆ ಭಯ ಹುಸಿಯಲ್ಲ. ಆದರೆ ನನ್ನ ಅನುಭವ ಹೇಳುವುದು ಸ್ವಲ್ಪ ಬೇರೆ. “ನಾಳೆ ಬಾ” ಎನ್ನುತ್ತಿದ್ದಾಗ ನನ್ನ ಕೈಯಲ್ಲಿ ಯಂತ್ರವಿರಲಿಲ್ಲ, ಬರಿಯ ಲೇಖನಿಯಿತ್ತು. ಹೃದಯ ಯಂತ್ರವಾಗಿದ್ದುದು ಆಗಲೇ. ಕಂಪ್ಯೂಟರು ಬಂದಮೇಲೆ ಅದಕ್ಕೆ ಹೊಸದೊಂದು ಮರೆ ಸಿಕ್ಕಿತು, ಅಷ್ಟೆ.

ಈ ಮರೆ ಎಷ್ಟು ದೊಡ್ಡ ಅನ್ಯಾಯಕ್ಕೆ ನೆರಳಾಗಬಲ್ಲದೆಂಬುದಕ್ಕೆ ಬ್ರಿಟನ್ನಿನ ಅಂಚೆ ಪ್ರಕರಣ ಸಾಕ್ಷಿ. ಅಲ್ಲಿ ‘ಹೊರೈಜನ್’ ಎಂಬ ಲೆಕ್ಕದ ಕಂಪ್ಯೂಟರ್ ವ್ಯವಸ್ಥೆ 1999ರಲ್ಲಿ ಬಳಕೆಗೆ ಬಂದಿತು. ಅದು ಇಲ್ಲದ ಕೊರತೆಯನ್ನು ತೋರಿಸಿತು. ಸಣ್ಣ ಅಂಚೆಕಚೇರಿಗಳನ್ನು ನಡೆಸುತ್ತಿದ್ದವರು ಹಣ ಕದ್ದಿದ್ದಾರೆಂದಾಯಿತು. 2015ರವರೆಗೆ 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿದರು. ಕೆಲವರು ಜೈಲಿಗೆ ಹೋದರು. ಮನೆಮಠ ಕಳೆದುಕೊಂಡವರು ಅನೇಕರು. ತಾವು ಕದ್ದಿಲ್ಲವೆಂದು ಅವರು ಕೂಗಿದರು. ಲೆಕ್ಕ ಅಲ್ಲಿ ಹಾಗೇ ಇದೆ ಎಂಬುದರ ಮುಂದೆ ಮನುಷ್ಯರ ಮಾತು ನಿಲ್ಲಲಿಲ್ಲ. ಕೊನೆಗೆ 2024ರಲ್ಲಿ ಕಾನೂನು ತಂದು ಆ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು. ಯಂತ್ರ ತಪ್ಪುವುದು ಸಹಜ. ಅದು ತಪ್ಪಿರಬಹುದೆಂದು ಯೋಚಿಸುವ ಹೊಣೆಯನ್ನು ಅಲ್ಲಿ ಯಾರೂ ಹೊರಲಿಲ್ಲ.

ನಮ್ಮ ಸೀಮೆಗೂ ಇದು ದೂರದ ಮಾತಲ್ಲ. ವಾಡಿಯಿಂದ ಸೇಡಂವರೆಗೆ ನೆಲದ ಕೆಳಗೆ ಸುಣ್ಣದಕಲ್ಲು; ನೆಲದ ಮೇಲೆ ಸಿಮೆಂಟು ಕಾರ್ಖಾನೆಗಳು. ಕೋಡ್ಲಾದ ಬಳಿಗೂ ಒಂದು ಬಂದಿದೆ. ಇಂಥ ಕಡೆ ಹೊಲದ ಮೇಲಿನ ಒಂದು ಅಕ್ಷರ, ಒಂದು ಗುಂಟೆಯ ಅಂಕಿ, ಒಂದು ಮನೆತನದ ಹಣೆಬರಹವನ್ನೇ ತಿರುಗಿಸಬಲ್ಲುದು. ಅಕ್ಷರ ತಪ್ಪಿದಾಗ ಯಾರ ಬಳಿಗೆ ಹೋಗಬೇಕೆಂಬುದು ಬಡವನಿಗೆ ಗೊತ್ತಿರಬೇಕು. ಹೋದಾಗ ಅಲ್ಲಿರುವವನು ಪರದೆಯ ಕಡೆಗೆ ಬೆರಳು ತೋರಿಸದೆ ತಾನೇ ಉತ್ತರ ಹೇಳಬೇಕು. ಹಳೆಯ ಕಾಲದಲ್ಲಿ ಉಳಿಸಿಕೊಳ್ಳತಕ್ಕದ್ದು ಏನಾದರೂ ಇದ್ದರೆ ಅದು ಇದೊಂದೇ. ಆಗಲೂ ಅದು ಎಲ್ಲರಿಗೂ ಸಿಗುತ್ತಿರಲಿಲ್ಲವೆಂದು, ಅದನ್ನು ಕೊಡದವರಲ್ಲಿ ಒಬ್ಬನಾದ ನಾನು, ಸೇರಿಸಿ ಹೇಳಬೇಕು.

ಕೈಬರಹದ ಆ ಪಹಣಿಯ ಕೆಳಗೆ ಒಂದು ರುಜುವಿದೆ. ಬರೆದವರು ಯಾರೋ, ನನಗೆ ತಿಳಿಯದು. ಅಕ್ಷರ ಮಾತ್ರ ಸ್ಫುಟವಾಗಿದೆ, ‘ವ’ ‘ವ’ವಾಗಿಯೇ ಇದೆ, ‘ಪ’ ‘ಪ’ವಾಗಿಯೇ ಇದೆ. ಮೊಮ್ಮಗನಿಗೆ ಅದನ್ನು ತೋರಿಸಿದೆ. ಅವನು ಕಲಬುರಗಿಯಲ್ಲಿ ಕಂಪ್ಯೂಟರ್ ಓದುತ್ತಿದ್ದಾನೆ; ನಾಳೆ ಅವನೂ ಇಂಥ ಒಂದು ಕಿಟಕಿಯ ಹಿಂದೆ ಕುಳಿತುಕೊಳ್ಳುವವನೇ, ಕಿಟಕಿ ಯಾರಿಗೂ ಕಾಣದ ಬೆಂಗಳೂರಿನಲ್ಲಿದ್ದರೂ ಸರಿ. ವಿಧವೆಯ ಕಥೆಯನ್ನು ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ವರ್ಷ ಬಿತ್ತಿದಳೇನು ಮುತ್ಯಾ?” ಎಂದು ಕೇಳಿದ.

ಬಿತ್ತಿದಳು, ತೊಗರಿ. ರಾಶಿಯಾದ ಮೇಲೆ ಒಂದು ಸೇರು ಬೇಳೆ ತಂದು ಕಿಟಕಿಯಲ್ಲಿಟ್ಟಳು. ತೆಗೆದುಕೊಳ್ಳಬಾರದೆಂಬ ನಿಯಮವಿತ್ತು, ಅದಕ್ಕಿಂತ ಹೆಚ್ಚಾಗಿ, ತೆಗೆದುಕೊಳ್ಳುವ ಮುಖ ನನಗಿರಲಿಲ್ಲ.