ಗೋಡೆಯ ಬಿರುಕು ಯಾರಿಗೆ ಕಂಡಿತು?

ಕಥೆ ಬರೆಯುವವರ ನಡುವೆ ಒಂದು ಸಲಹೆ ಸದಾ ಓಡಾಡುತ್ತಿರುತ್ತದೆ. ಕೊನೆಯಲ್ಲಿ ಮನೆ ಕುಸಿಯುವುದಿದ್ದರೆ ಮೊದಲ ಪುಟದಲ್ಲೇ ಗೋಡೆಯ ಮೇಲೊಂದು ಬಿರುಕು ತೋರಿಸಿಬಿಡು ಅಂತ. ಚೆಕಾಫ್‌ನ ಬಂದೂಕಿನ ಮಾತು ನಿಮಗೂ ಗೊತ್ತಿರುತ್ತೆ: ಮೊದಲ ಅಂಕದಲ್ಲಿ ಗೋಡೆಗೆ ಬಂದೂಕು ತೂಗುಹಾಕಿದ ಮೇಲೆ ಮುಂದೆಲ್ಲಾದರೂ ಅದು ಸಿಡಿಯಲೇಬೇಕು. ಫೋರ್‌ಶ್ಯಾಡೋಯಿಂಗ್ ಅನ್ನುತ್ತಾರಲ್ಲ, ಅದು. ಕನ್ನಡದಲ್ಲಿ ಮುನ್ಸೂಚನೆ ಅನ್ನೋಣ. ವೆಬ್ ಸೀರೀಸ್ ನೋಡಿ ಪಳಗಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಎರಡನೇ ಎಪಿಸೋಡಿನಲ್ಲಿ ಅಜ್ಜ ಕೆಮ್ಮಿದರೆ ಏಳನೆಯದರಲ್ಲಿ ಅಜ್ಜ ಇರುವುದಿಲ್ಲ.

ತಂತ್ರದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಶುರುವಾದದ್ದು ಕದ್ವಾಡವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಕಥೆ ಬರೆಯಲು ಕೂತ ಮೇಲೆ.

ಕದ್ವಾಡ ಕಾರವಾರಕ್ಕೆ ಹತ್ತಿರದ, ಕಾಳಿ ನದಿಯ ದಂಡೆಯ ಊರು. ಒಂದು ಕಡೆ ನೀರು, ಇನ್ನೊಂದು ಕಡೆ ಗುಡ್ಡ, ನಡುವೆ ತೆಂಗು, ಗದ್ದೆ, ಮನೆ. 2009ರ ಅಕ್ಟೋಬರ್ 2ರಂದು ಅಲ್ಲಿನ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. ಉತ್ತರ ಕರ್ನಾಟಕವೆಲ್ಲ ನೆರೆಯಲ್ಲಿ ಮುಳುಗಿದ್ದ ದಿನಗಳವು, ಹಾಗಾಗಿ ಟೀವಿಯಲ್ಲಿ ಈ ಸುದ್ದಿಗೆ ಸಿಕ್ಕ ಜಾಗ ಕಮ್ಮಿ. ಅಕ್ಟೋಬರ್ ಅಂದರೆ ಕರಾವಳಿಯಲ್ಲಿ ಮಳೆಗಾಲ ಮುಗಿಯಿತು ಅಂತ ಮನಸ್ಸು ಹಗುರ ಮಾಡಿಕೊಳ್ಳುವ ಹೊತ್ತು. ಜೂನ್, ಜುಲೈಯಲ್ಲಿ ಇರುವ ಭಯ ಆಗ ಇರುವುದಿಲ್ಲ.

ನನ್ನ ಕಥೆಯ ಮೊದಲ ಕರಡು ಓದಿದ ಗೆಳತಿ, ಅವಳೂ ಬರೆಯುವವಳೇ, ಹೇಳಿದ್ದು ಒಂದೇ ಮಾತು: "ಎಂಡಿಂಗ್ ಸಡನ್ ಆಯ್ತು ಕಣೋ. ಮೊದಲೇ ಏನಾದ್ರೂ ಸುಳಿವು ಕೊಡು. ಬಾವಿ ನೀರು ಕೆಂಪಾಗಿತ್ತು, ನಾಯಿ ಊಳಿಡ್ತಿತ್ತು, ಹೀಗೆ." ತಂತ್ರದ ದೃಷ್ಟಿಯಿಂದ ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಆದರೂ ಆ ನಾಯಿಯನ್ನು ಊಳಿಡಿಸಲು ನನ್ನ ಕೈ ಮುಂದೆ ಹೋಗಲಿಲ್ಲ. ಯಾಕೆ ಅಂತ ಯೋಚಿಸುತ್ತಾ ಹೋದೆ.

ಮುನ್ಸೂಚನೆ ಅನ್ನುವುದು ಯಾರು ಯಾರಿಗೆ ಹೇಳುವ ಮಾತು? ಸಂಸ್ಕೃತ ನಾಟಕದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಶಾಸ್ತ್ರದಲ್ಲಿ ಪತಾಕಾಸ್ಥಾನಕ ಅಂತ ಒಂದು ಹೆಸರೇ ಇದೆ. ಭಟ್ಟನಾರಾಯಣನ 'ವೇಣೀಸಂಹಾರ'ದಲ್ಲಿ ದುರ್ಯೋಧನ ಹೆಂಡತಿ ಭಾನುಮತಿಗೆ ತನ್ನ ತೊಡೆಯ ಮೇಲೆ ಕೂರು ಅನ್ನುತ್ತಿರುವಾಗ ಕಂಚುಕಿ ಓಡಿಬಂದು ಮುರಿಯಿತು, ಮುರಿಯಿತು ಅಂತ ಕೂಗುತ್ತಾನೆ. ಅವನು ಹೇಳಲು ಬಂದದ್ದು ಬಿರುಗಾಳಿಗೆ ಮುರಿದ ರಥದ ಬಾವುಟದ ಸುದ್ದಿ. ಪ್ರೇಕ್ಷಕರಿಗೆ ಕೇಳಿಸುವುದು ತೊಡೆಯ ಸುದ್ದಿ. ಗಾಳಿಗೆ ಅವನು ಕೊಡುವ ವಿಶೇಷಣವೂ 'ಭೀಮ'. ದುರ್ಯೋಧನನ ತಲೆಯ ಮೇಲಿಂದ ಕವಿ ನಮಗೆ ಕಣ್ಣು ಹೊಡೆಯುತ್ತಾನೆ. ನಮ್ಮ ಕಡೆಯ ಯಕ್ಷಗಾನದಲ್ಲಿ 'ಗದಾಯುದ್ಧ' ಪ್ರಸಂಗ ನೋಡುವವರೂ ಅಷ್ಟೇ, ಬೆಳಗಿನ ಜಾವಕ್ಕೆ ಏನಾಗುತ್ತದೆ ಅಂತ ಗೊತ್ತಿದ್ದೇ ಚಾಪೆ ಹಾಸುತ್ತಾರೆ.

ಅಂದರೆ ಮುನ್ಸೂಚನೆ ಪಾತ್ರಕ್ಕೆ ಹೇಳುವ ಮಾತಲ್ಲ. ಪಾತ್ರಕ್ಕೆ ಅದು ಅರ್ಥವಾಗಿಬಿಟ್ಟರೆ ಪಾತ್ರ ಎದ್ದು ಹೋಗುತ್ತದೆ, ಕಥೆ ಕೆಡುತ್ತದೆ. ಅರ್ಥವಾಗುವಂತೆ ಹೇಳಿದರೆ ಅದರ ಹೆಸರು ಮುನ್ನೆಚ್ಚರಿಕೆ. ಕಾಳಿ ದಂಡೆಯವರಿಗೆ ಈ ವ್ಯತ್ಯಾಸ ಯಾರೂ ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟು ತುಂಬುತ್ತಾ ಬಂದಾಗ ನೀರು ಬಿಡುತ್ತೇವೆ, ಎತ್ತರದ ಜಾಗಕ್ಕೆ ಹೋಗಿ ಅಂತ ಕೆಳಗಿನ ಊರುಗಳಿಗೆ ಸೂಚನೆ ಬರುತ್ತದೆ. ಅದರಲ್ಲಿ ಕಲೆ ಏನೂ ಇಲ್ಲ. ಕೇಳಿದವರು ಪಾತ್ರೆ, ಕಾಗದಪತ್ರ, ದನ ಎಲ್ಲ ಎತ್ತರಕ್ಕೆ ಸಾಗಿಸಬಹುದು, ಅಷ್ಟೇ ಅದರ ಕೆಲಸ.

ಕಲ್ಪಿತ ದುರ್ಯೋಧನನ ಬೆನ್ನ ಹಿಂದೆ ಕವಿಯೂ ನಾವೂ ಸೇರಿ ಪಿಸುಗುಡುವುದರಲ್ಲಿ ತಪ್ಪೇನಿಲ್ಲ. ನಿಜವಾಗಿ ಸತ್ತ ಹತ್ತೊಂಬತ್ತು ಜನರ ಬೆನ್ನ ಹಿಂದೆ ಹಾಗೆ ಪಿಸುಗುಡಬಹುದೇ ಅನ್ನುವುದೇ ನನ್ನ ಪ್ರಶ್ನೆ. ನಾನು ಗೋಡೆಯಲ್ಲಿ ಬಿರುಕು ಬರೆದ ಕೂಡಲೇ ಓದುಗರ ಮನಸ್ಸಿನಲ್ಲಿ ಒಂದು ಮಾತು ಹುಟ್ಟುತ್ತದೆ: ಅಯ್ಯೋ, ಅಷ್ಟು ಸ್ಪಷ್ಟವಾಗಿತ್ತಲ್ಲ, ಇವರಿಗೆ ಯಾಕೆ ಗೊತ್ತಾಗಲಿಲ್ಲ? ಮೂರೇ ಪುಟಗಳಲ್ಲಿ ಸತ್ತವರು ದಡ್ಡರಾಗುತ್ತಾರೆ. ಕರಾವಳಿಯಲ್ಲಿ ಬಿರುಕಿಲ್ಲದ ಗೋಡೆ ಎಷ್ಟಿವೆ? ಜಂಬಿಟ್ಟಿಗೆ ಕಲ್ಲಿನ ಮನೆ, ನಾಲ್ಕು ತಿಂಗಳ ಮಳೆ. ಪ್ರತಿ ವರ್ಷ ಬಾವಿ ನೀರು ಕೆಂಪಾಗುತ್ತದೆ, ನಾಯಿಗಳು ಪ್ರತಿ ರಾತ್ರಿ ಊಳಿಡುತ್ತವೆ. ಚೆಕಾಫ್‌ನ ಲೆಕ್ಕದಲ್ಲಿ ನಮ್ಮ ಎಲ್ಲರ ಮನೆಯಲ್ಲೂ ಗೋಡೆ ತುಂಬ ಬಂದೂಕು. ಸಿಡಿದದ್ದು ಒಂದು ಕಡೆ. ಸಿಡಿಯದ ಸಾವಿರವನ್ನು ಕತ್ತರಿಸಿ ಎಸೆದು ಆ ಒಂದನ್ನು ಮಾತ್ರ ತೋರಿಸುವುದು ಸಂಕಲನದ ಕೈಚಳಕ. ಆ ಮನೆಯಲ್ಲಿ ಬದುಕಿದವರಿಗೆ ಯಾರೂ ಹಾಗೆ ಸಂಕಲನ ಮಾಡಿ ಕೊಟ್ಟಿರಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಮನೆಯವರನ್ನು ಕಳೆದುಕೊಂಡವರು "ಅವತ್ತು ಬೆಳಗ್ಗಿಂದ್ಲೇ ಯಾಕೋ ಒಂಥರಾ ಇತ್ತು" ಅನ್ನುತ್ತಾರಲ್ಲ, ಹಲ್ಲಿ ಲೊಚಗುಟ್ಟಿತ್ತು, ಹೊರಡುವಾಗ ಎರಡು ಸಲ ತಿರುಗಿ ನೋಡಿದ ಅಂತೆಲ್ಲ, ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ. ಅರ್ಥವೇ ಇಲ್ಲದ ಸಾವಿಗೆ ಅವರು ಕೊಟ್ಟುಕೊಂಡ ಒಂದು ಆಕಾರ ಅದು. ಅವರಿಗೆ ಆ ಹಕ್ಕಿದೆ. ಬೆಂಗಳೂರಿನ ಫ್ಲಾಟಿನಲ್ಲಿ ಕೂತು ಬರೆಯುವ ನನಗೆ ಇದೆಯೇ ಅನ್ನುವುದು ಬೇರೆ ವಿಷಯ.

ಶಕುನಕ್ಕೆ ಇನ್ನೊಂದು ದುರ್ಗುಣವಿದೆ. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿತು. ಲಾರಿಯವರು ಚಹಾಕ್ಕೆ ನಿಲ್ಲಿಸುತ್ತಿದ್ದ ಹೋಟೆಲು ಮಣ್ಣಿನಡಿ ಹೋಯಿತು. ಗಂಗಾವಳಿಗೆ ಬಿದ್ದ ಮಣ್ಣಿನ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಕೇರಳದ ಒಂದು ಲಾರಿ, ಅದರೊಳಗೆ ಚಾಲಕನ ದೇಹ, ನದಿಯಿಂದ ಮೇಲೆ ಬಂದದ್ದು 71 ದಿನಗಳ ನಂತರ, ಸೆಪ್ಟೆಂಬರ್ 25ಕ್ಕೆ. ಅಷ್ಟರೊಳಗೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿಯ ಹಳೇ ಸೇತುವೆಯೂ ಕುಸಿದಿತ್ತು. ಶಿರೂರಿನ ಬಗ್ಗೆ ಕಥೆ ಬರೆದು ಅದರಲ್ಲಿ ಹಿಂದಿನ ರಾತ್ರಿ ಗೂಬೆ ಕೂಗಿಸಿದರೆ ಏನಾಗುತ್ತದೆ? ಅದು ವಿಧಿಯಾಗುತ್ತದೆ. ವಿಧಿಗೆ ಟೆಂಡರು ಇರುವುದಿಲ್ಲ, ಇಂಜಿನಿಯರು ಇರುವುದಿಲ್ಲ. ಆದರೆ ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದ್ದು ಆ ದಾರಿಯಲ್ಲಿ ಬಸ್ಸು ಹತ್ತಿದವರಿಗೆಲ್ಲ ಕಾಣುತ್ತಿತ್ತು. ಗೂಬೆ ಬೇಕಿರಲಿಲ್ಲ. 'ಪ್ರಕೃತಿ ವಿಕೋಪ' ಅನ್ನುವ ಸರ್ಕಾರಿ ಶಬ್ದಕ್ಕೂ ಕಥೆಗಾರನ ಗೂಬೆಗೂ ನನಗೆ ಬಹಳ ದೂರ ಕಾಣಿಸುವುದಿಲ್ಲ.

ಹಾಗಾದರೆ ಮುನ್ಸೂಚನೆಯೇ ಬೇಡವೇ? ಬೇಡ ಅನ್ನಲು ಬಾಯಿ ಬರುವುದಿಲ್ಲ, ಯಾಕೆಂದರೆ ನಮ್ಮ ಕಾಲದ ಕನ್ನಡದಲ್ಲಿ ಅದನ್ನು ಅತ್ಯಂತ ಚೆನ್ನಾಗಿ ಬಳಸಿದವರಲ್ಲಿ ಒಬ್ಬರು ಅಂಕೋಲೆಯಲ್ಲೇ ಹುಟ್ಟಿದವರು. ವಿವೇಕ ಶಾನಭಾಗರ 'ಘಾಚರ್ ಘೋಚರ್'. (ಓದಿಲ್ಲದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ, ಸ್ಪಾಯ್ಲರ್ ಇದೆ.) ಅದರಲ್ಲಿ ಹಳೇ ಬಾಡಿಗೆ ಮನೆಯ ಇರುವೆಗಳಿವೆ. ಮನೆಯವರು ಅವನ್ನು ಕೊಲ್ಲುವ ಬಗೆ ಓದುವಾಗ ಬಡತನದ ತಮಾಷೆಯಂತಿದೆ. ದುಡ್ಡು ಬಂದ ಮೇಲೆ ಆ ಮನೆಯವರು ತಮಗೆ ಅಡ್ಡ ಬಂದವರನ್ನು ನಡೆಸಿಕೊಳ್ಳುವ ರೀತಿ ಬರುತ್ತದೆ. ಕೊನೆಯಲ್ಲಿ ಊರಿಗೆ ಹೋದ ಹೆಂಡತಿ ವಾಪಸಾಗಿಲ್ಲ, ನಿರೂಪಕ ಕಾಫಿ ಹೌಸಿನಲ್ಲಿ ಕೂತಿದ್ದಾನೆ, ಒಡೆದ ಗ್ಲಾಸು, ಕೈಗೆ ರಕ್ತ. ಏನಾಯಿತು ಅಂತ ಪುಸ್ತಕ ಹೇಳುವುದೇ ಇಲ್ಲ. ಬಂದೂಕು ಸಿಡಿದ ಸದ್ದು ಕೇಳಿಸುವ ಮೊದಲೇ ಪುಟ ಮುಗಿಯುತ್ತದೆ.

ಅಲ್ಲಿ ಇರುವೆಗಳು ಶಕುನವಲ್ಲ, ಅಭ್ಯಾಸ. ಅಡ್ಡ ಬಂದದ್ದನ್ನು ಹೊಸಕುವುದನ್ನು ಆ ಮನೆ ಮೊದಲು ಎಲ್ಲಿ ಕಲಿಯಿತು ಅನ್ನುವುದರ ಲೆಕ್ಕ. ಕವಿ ಮತ್ತು ಓದುಗ ಸೇರಿ ಪಾತ್ರದ ಬೆನ್ನ ಹಿಂದೆ ಪಿಸುಗುಡುವುದೂ ಅಲ್ಲಿಲ್ಲ. ನಿರೂಪಕನಿಗೆ ಎಲ್ಲವೂ ಕಂಡಿದೆ, ಒಪ್ಪಿಕೊಳ್ಳುವ ಮನಸ್ಸಿಲ್ಲ. ಅವನ ಮನೆಯ ತಮಾಷೆಗಳಿಗೆ ನಾವೂ ಅಲ್ಲಲ್ಲಿ ನಕ್ಕಿದ್ದೇವೆ. ನನಗೆ ಬೇಕಾದ ಮುನ್ಸೂಚನೆ ಇಂಥದ್ದು, ತಿಳಿಯದವರ ತಲೆ ಮೇಲಿಂದ ಹಾಯುವುದಲ್ಲ, ತಿಳಿದೂ ಸುಮ್ಮನಿದ್ದವರ ಕಡೆ ತಿರುಗುವುದು.

ಗೆಳತಿಗೆ ಇದನ್ನೆಲ್ಲ ಹೇಳಿದೆ. "ಸರಿ ಮಾರಾಯ, ಆದ್ರೆ ಓದುವವರಿಗೆ ಏನು ಕೊಡ್ತೀಯ? ಸಡನ್ ಅನ್ನೋದು ಸಡನ್ನೇ" ಅಂದಳು. ಅವಳ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆಘಾತವನ್ನು ಹಾಗೇ ಇಟ್ಟರೆ ಕಥೆ ಪತ್ರಿಕೆಯ ಸುದ್ದಿಯಂತಾಗುವ ಅಪಾಯವಿದೆ, ನಿಜ.

ಸದ್ಯಕ್ಕೆ ಮಾಡಿದ್ದಿಷ್ಟು. ಊರಿನ ಹೆಸರು ತೆಗೆದಿದ್ದೇನೆ, ಕದ್ವಾಡದವರ ಸಾವು ಅವರದ್ದಾಗಿಯೇ ಇರಲಿ. ನಾಯಿ ಊಳಿಡುವುದಿಲ್ಲ. ಬಿರುಕು ಒಂದಲ್ಲ, ಕೇರಿಯ ಆರೇಳು ಮನೆಗಳಲ್ಲಿದೆ, ಒಬ್ಬರು ಅದಕ್ಕೆ ಸಿಮೆಂಟು ಬಳಿಯುತ್ತಾರೆ. ಎರಡನೇ ಪುಟದಲ್ಲಿ ಒಬ್ಬ ಹೆಂಗಸು ಗುಡ್ಡದ ಬುಡದಿಂದ ಮಣ್ಣು ತೆಗೆಯುವುದನ್ನು ನಿಲ್ಲಿಸಿ ಅಂತ ಅರ್ಜಿ ಬರೆದು ತಂದು ಕೊಡುತ್ತಾಳೆ. ಗುಮಾಸ್ತ ಅದನ್ನು ಓದಿ, ತಲೆಯೆತ್ತಿ ಅವಳನ್ನೊಮ್ಮೆ ನೋಡಿ, ತಾರೀಖಿನ ಸೀಲು ಒತ್ತುತ್ತಾನೆ. ಅವಳು ಸ್ವೀಕೃತಿ ಪ್ರತಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ದಾರಿಯಲ್ಲಿ ಬಂಗಡೆ ಕೊಂಡು, ಅಡುಗೆಗೆ ಹೊತ್ತಾಯಿತು ಅಂತ ಬೇಗ ಬೇಗ ಮನೆ ಕಡೆ ನಡೆಯುತ್ತಾಳೆ.